ಹನ್ನೆರಡಡಿ ಚೌಕಟ್ಟು, ಹನ್ನೊಂದಡಿ ಕೋಣೆ

“ಅದು ಎಷ್ಟು ಪದರ ಹೊಲಿಯುತ್ತದೆ?”

ಬಾಗಲಕೋಟೆಯ ನವನಗರದಲ್ಲಿ ಕುಳಿತು ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ಬೆಲೆ ಕೇಳಲಿಲ್ಲ, ಯಾವ ದೇಶದ ಮಾಲು ಎಂದೂ ಕೇಳಲಿಲ್ಲ. ನಾನು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಅಂಗಡಿಯೊಂದರಲ್ಲಿ, ಕ್ವಿಲ್ಟ್ ಎಂಬ ಪದರ ಪದರದ ಹೊದಿಕೆ ಹೊಲಿಯುವ ಯಂತ್ರದ ಮುಂದೆ ಮೊಬೈಲ್ ಹಿಡಿದು ನಿಂತಿದ್ದೆ. ಇಲ್ಲಿ ಬೆಳಗಿನ ಹತ್ತೂವರೆ, ಅವ್ವನಿಗೆ ರಾತ್ರಿ ಎಂಟು. ರೊಟ್ಟಿ ಬಡಿದು ಕೈ ತೊಳೆದ ಹೊತ್ತು. ಅಂಗಡಿಯವನು ಅರ್ಧ ತಾಸಿನಿಂದ ಬಣ್ಣದ ಪರದೆ, ತಾನೇ ದಾರ ಕತ್ತರಿಸುವ ಗುಂಡಿ, ಹೂಬಳ್ಳಿಯ ನಮೂನೆಗಳು ಎಂದು ಒಂದೊಂದನ್ನೇ ತೋರಿಸಿ ದಣಿದಿದ್ದ. ಅವ್ವನ ಪ್ರಶ್ನೆಯನ್ನು ಅವನ ಭಾಷೆಗೆ ತಂದು ಕೇಳಿದೆ. ಅವನು ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಮೂರು” ಎಂದ.

“ಮೂರೇ? ಅಷ್ಟಕ್ಕೆ ಮಷೀನು ಯಾಕೆ?” ಎಂದಳು ಅವ್ವ.

ಅವನದು ತಪ್ಪಲ್ಲ. ಇಲ್ಲಿಯ ಕ್ವಿಲ್ಟಿಗೆ ಇರುವುದೇ ಮೂರು ಪದರ. ಮೇಲೆ ಚೂರು ಬಟ್ಟೆಗಳನ್ನು ಜೋಡಿಸಿದ ಹೊದಿಕೆ, ನಡುವೆ ಹತ್ತಿಯದೋ ಪಾಲಿಯೆಸ್ಟರಿನದೋ ಉಣ್ಣೆಯದೋ ಒಂದು ಮೆತ್ತನೆಯ ಹಾಳೆ, ಕೆಳಗೆ ಒಂದೇ ತುಂಡಿನ ಅಸ್ತರಿ. ಚೂರು ಜೋಡಿಸುವುದು ಒಂದು ಕೆಲಸ. ಮೂರನ್ನೂ ಸೇರಿಸಿ ಮೇಲಿನಿಂದ ಹೊಲಿಯುವುದು ಇನ್ನೊಂದು ಕೆಲಸ. ಈ ಎರಡನೆಯದಕ್ಕೆ ಮಾತ್ರ ಕ್ವಿಲ್ಟಿಂಗ್ ಎಂದು ಹೆಸರು. ನಮ್ಮ ಕೌದಿಯಲ್ಲಿ ಇಂಥ ಪಾಲುಪಟ್ಟಿ ಇಲ್ಲ. ಕೆಳಗೊಂದು ಹಳೆಯ ಸೀರೆ ಹಾಸಿ, ಅದರ ಮೇಲೆ ಸವೆದ ಧೋತರ, ಅಂಗಿಯ ಬೆನ್ನು, ಕುಪ್ಪಸದ ಚೂರು ಹರಡಿ, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತ ಬಂದರೆ ಜೋಡಣೆಯೂ ಆಯಿತು, ಹೊಲಿಗೆಯೂ ಆಯಿತು. ಒಂದು ಕಡೆ ನಾಲ್ಕು ಪದರ, ಇನ್ನೊಂದು ಕಡೆ ಏಳು. ಸೀರೆಯ ಅಂಚಿನ ಮೇಲೆ ಅಂಚು ಬಂದರೆ ಹತ್ತು. ಅವ್ವ ಕೇಳಿದ್ದು ಆ ಹತ್ತರ ಲೆಕ್ಕ.

ಯಂತ್ರದ ಹುಚ್ಚು ಹತ್ತಿದ್ದು ಒಂದು ಟ್ರಂಕಿನಿಂದ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬಂದಾಗ ನಮ್ಮ ಮನೆಯೂ ಹೋಯಿತು. ಬಾಗಿಲ ಚೌಕಟ್ಟು, ನಾಲ್ಕು ತೊಲೆ ಮತ್ತು ಅಜ್ಜಿಯ ಟ್ರಂಕು ನವನಗರಕ್ಕೆ ಬಂದವು. ತೊಲೆಗಳು ಹೊಸ ಮನೆಯ ಯಾವ ಕೋಣೆಗೂ ಹೊಂದಲಿಲ್ಲ. ಟ್ರಂಕು ಮಾತ್ರ ಮಂಚದ ಕೆಳಗೆ ಇಪ್ಪತ್ತು ವರ್ಷ ಕುಳಿತಿತ್ತು. ಹಿಂದಿನ ಸಲ ಊರಿಗೆ ಹೋದಾಗ ಅದನ್ನು ತೆರೆದೆವು: ಮಡಿಕೆಯಲ್ಲೇ ಸೀಳಿದ ಇಳಕಲ್ ಸೀರೆಗಳು, ಗುಳೇದಗುಡ್ಡದ ಖಣದ ಕುಪ್ಪಸಗಳು, ಅಜ್ಜನ ಎರಡು ರುಮಾಲು. ಉಡಲು ಬಾರದು, ಒಗೆಯಲು ಮನಸ್ಸು ಬಾರದು. ವಿಮಾನದವರು ಕೊಟ್ಟ ಇಪ್ಪತ್ತಮೂರು ಕಿಲೋದಲ್ಲಿ ಒಂಬತ್ತು ಕಿಲೋ ಇವೇ ತುಂಬಿ ತಂದೆ. ಚಟ್ನಿಪುಡಿ ಅರ್ಧಕ್ಕೆ ಇಳಿಯಿತು. ಮನೆಯವರು ಅದನ್ನು ಇನ್ನೂ ಮರೆತಿಲ್ಲ.

ಆಗಸ್ಟಿನಲ್ಲಿ ಮಗಳು ಕಾಲೇಜಿಗೆ ಹೋದಳು. ಅವಳ ಕೋಣೆ ಹನ್ನೊಂದು ಅಡಿಗೆ ಹದಿಮೂರು ಅಡಿ. ಹೊಲಿಗೆ ಕೋಣೆ ಎಂದು ಅಂದೇ ನಾಮಕರಣ ಮಾಡಿದೆ.

ಮನೆಯಲ್ಲಿ ಸಾಮಾನ್ಯ ಹೊಲಿಗೆ ಯಂತ್ರ ಮೊದಲೇ ಇತ್ತು. ಅದರಲ್ಲೇ ಏಕೆ ಆಗುವುದಿಲ್ಲ ಎಂದು ಕೇಳುವವರಿಗೆ ಹೇಳಬೇಕಾದದ್ದು ಒಂದೇ ಅಳತೆ: ಸೂಜಿಯಿಂದ ಯಂತ್ರದ ಬಲಗಡೆಯ ಕಂಬದವರೆಗಿನ ಜಾಗ. ಇಲ್ಲಿಯವರು ಅದನ್ನು ಗಂಟಲು ಎನ್ನುತ್ತಾರೆ. ಮನೆಬಳಕೆಯ ಯಂತ್ರಕ್ಕೆ ಸಾಮಾನ್ಯವಾಗಿ ಆರೇಳು ಇಂಚಿನ ಗಂಟಲು. ಜೋಡಿ ಮಂಚದ ಕ್ವಿಲ್ಟು ತೊಂಬತ್ತು ಇಂಚು ಅಗಲ ಎಂದಿಟ್ಟುಕೊಳ್ಳಿ. ನಡುಮಧ್ಯದಲ್ಲಿ ಹೊಲಿಯುವಾಗ ಅದರ ನಲವತ್ತೈದು ಇಂಚನ್ನು ಸುರುಳಿ ಸುತ್ತಿ ಆ ಆರಿಂಚಿನ ಗಂಟಲಿಗೆ ತುರುಕಬೇಕು. ಹೆಬ್ಬಾವು ಮೇಕೆ ನುಂಗಿದ ಹಾಗೆ. ಒಂದು ಸಲ ಪ್ರಯತ್ನಿಸಿದೆ. ಮೂರು ದಿನ ಬಲಭುಜ ಎತ್ತಲಾಗಲಿಲ್ಲ.

ಹಾಗಾಗಿ ಉದ್ದತೋಳಿನ ಯಂತ್ರ ನೋಡಲು ಹೊರಟೆ. ಮಿಸ್ಸೌರಿಯ ಗ್ಯಾಮಿಲ್, ಯೂಟಾದ ಹ್ಯಾಂಡಿ ಕ್ವಿಲ್ಟರ್ ಎಂದು ಇವನ್ನೇ ಮಾಡುವ ಕಂಪನಿಗಳು ಇಲ್ಲಿವೆ. ಗಂಟಲು ಹದಿನೈದು, ಹದಿನೆಂಟು, ಇಪ್ಪತ್ತನಾಲ್ಕು ಇಂಚು. ಮಗ್ಗದ ಹಾಗೆ ಒಂದು ಚೌಕಟ್ಟು, ಅದಕ್ಕೆ ಅಡ್ಡಲಾಗಿ ಉರುಳೆಗಳು. ಮೂರೂ ಪದರ ಆ ಉರುಳೆಗಳಿಗೆ ಬಿಗಿದು ಕೂರುತ್ತವೆ. ಬಟ್ಟೆ ನಿಂತಲ್ಲೇ ನಿಲ್ಲುತ್ತದೆ, ಯಂತ್ರವೇ ಗಾಲಿಗಳ ಮೇಲೆ ಹಿಂದೆ ಮುಂದೆ ಓಡುತ್ತದೆ. ಹೊಲಿಯುವವಳು ನಿಂತು, ಎರಡು ಹಿಡಿ ಹಿಡಿದು ನಡೆಸಬೇಕು. ಮೊದಲ ಸಲ ಹಿಡಿದಾಗ ಎಳೆಯ ಎತ್ತಿನ ಗಾಡಿ ಹೊಡೆದ ಹಾಗಾಯಿತು: ಹೋಗುವುದೇನೋ ಹೋಗುತ್ತದೆ, ತನಗೆ ಬೇಕಾದ ಕಡೆಗೆ. ಹತ್ತು ನಿಮಿಷದಲ್ಲಿ ಮೈ ಬೆವರಿತು, ಆದರೆ ಬಿಡಲು ಮನಸ್ಸಾಗಲಿಲ್ಲ. ಸುಳ್ಳು ಏಕೆ ಹೇಳಲಿ, ಆ ಗಳಿಗೆಯಲ್ಲಿ ಸಾಲ ಮಾಡಿಯಾದರೂ ಕೊಳ್ಳುವುದೆಂದೇ ಇದ್ದೆ.

ಅಂಗಡಿಯವನು ಹೇಳದ ಎರಡು ಮಾತು ಆಮೇಲೆ ತಿಳಿದವು. ಒಂದು, ಚೌಕಟ್ಟಿನ ಯಂತ್ರ ಹೊದಿಕೆಯ ಮೇಲೆ ಹೊಲಿಯುವುದಕ್ಕೆ ಮಾತ್ರ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲು ಅದಕ್ಕಿಲ್ಲ. ಚೂರು ಜೋಡಿಸಲು, ಕುಪ್ಪಸ ಹೊಲಿಯಲು, ಪರದೆಯ ಅಂಚು ಮಡಿಸಲು ಹಳೆಯ ಯಂತ್ರವೇ ಬೇಕು. ಎರಡು, ಹದಿನೆಂಟು ಇಂಚಿನ ಗಂಟಲು ಎಂದರೆ ಕೊನೆಯವರೆಗೂ ಹದಿನೆಂಟು ಸಿಗುತ್ತದೆ ಎಂದಲ್ಲ. ಹೊಲಿದು ಮುಗಿದ ಭಾಗ ಗಂಟಲೊಳಗಿನ ಉರುಳೆಗೇ ಸುತ್ತಿಕೊಳ್ಳುತ್ತದೆ; ಕೆಲಸ ಸಾಗಿದಷ್ಟೂ ಸುರುಳಿ ದಪ್ಪವಾಗುತ್ತದೆ, ಜಾಗ ಕಿರಿದಾಗುತ್ತದೆ.

ಮೂರನೆಯದನ್ನು ಟೇಪು ಹೇಳಿತು. ದೊಡ್ಡ ಮಂಚದ ಅಳತೆಗೆ ಚೌಕಟ್ಟು ಹನ್ನೆರಡು ಅಡಿ ಉದ್ದ. ಗೋಡೆಯ ಮೇಲಿನ ಅಲಮಾರು ಬಿಟ್ಟರೆ ನನಗೆ ಉಳಿಯುವುದು ಹನ್ನೊಂದು. ಕರ್ಣರೇಖೆಯಲ್ಲಿ ಇಟ್ಟರೆ ಹೇಗೆ ಎಂದು ಒಂದು ರಾತ್ರಿ ಕಾಗದದ ಮೇಲೆ ಗೀಚಿದ್ದೂ ಉಂಟು. ಆದರೆ ಚೌಕಟ್ಟಿನ ಮುಂದೆ ನಿಂತು ಹೊಲಿಯಲು ಜಾಗ ಬೇಕು; ಹಾಳೆಯ ಮೇಲಿನ ನಮೂನೆಯನ್ನು ಬೆಳಕಿನ ಚುಕ್ಕೆಯಿಂದ ಗುರುತಿಸುತ್ತ ಹೊಲಿಯುವುದಾದರೆ ಹಿಂದೆಯೂ ನಿಲ್ಲಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಹಾಸಿಗೆ ಹೊಲಿಯುವ ಯಂತ್ರದ ಕಾಲಿನ ಬಗ್ಗೆಯೇ ಹೇಳಿದ್ದರೋ ಏನೋ. ಮನೆಯವರು ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದರು. ಏನೂ ಮಾತಾಡಲಿಲ್ಲ. ಚಟ್ನಿಪುಡಿಯ ಸೇಡು ಮುಖದಲ್ಲಿತ್ತು.

ಅದೇ ವಾರ ಹೋಮ್ಸ್ ಕೌಂಟಿಗೆ ಹೋಗಿ ಬಂದೆವು. ಕೊಲಂಬಸ್ಸಿನಿಂದ ಎರಡು ತಾಸಿನ ದಾರಿ. ಆಮಿಷ್ ಜನರ ಸೀಮೆ. ಕುದುರೆಗಾಡಿಯಲ್ಲಿ ಓಡಾಡುವ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳದ ಕೃಷಿಕರು. ಅಲ್ಲಿಯ ಒಂದು ಅಂಗಡಿಯ ಹಿಂಭಾಗದಲ್ಲಿ ನಮ್ಮ ಓಣಿಯ ದರ್ಜಿಯ ಬಳಿ ಇದ್ದಂಥದ್ದೇ ಕಾಲು ಮಷೀನು ಕಂಡಿತು. ಪಕ್ಕದಲ್ಲಿ ಮರದ ಚೌಕಟ್ಟಿಗೆ ಬಿಗಿದ ಕ್ವಿಲ್ಟು. ಅದರ ನಾಲ್ಕೂ ಬದಿ ಹೆಂಗಸರು ಕುಳಿತು ಕೈಯಲ್ಲೇ ಹೊಲಿಯುತ್ತಿದ್ದರು. ಟೋಪಿಯ ಬದಲು ಸೆರಗು ಇದ್ದಿದ್ದರೆ ನಮ್ಮ ಪಡಸಾಲೆಯೇ. ಮಾತು ಮಾತ್ರ ಕಡಿಮೆ. ನಮ್ಮಲ್ಲಾದರೆ ಒಂದು ಕೌದಿ ಮುಗಿಯುವಷ್ಟರಲ್ಲಿ ನಾಲ್ಕು ಮನೆಯ ಸೊಸೆಯರ ವಿಚಾರಣೆಯೂ ಮುಗಿಯುತ್ತಿತ್ತು.

ಹತ್ತಿರ ಹೋಗಿ ನೋಡಿದೆ. ಟಾಕುಗಳು ಸಾಸಿವೆಯಷ್ಟು ಸಣ್ಣವು, ಒಂದೇ ಅಳತೆಯವು. ಯಂತ್ರ ಮಾಡುವವರು ಇಷ್ಟು ಹಣ ಕೇಳುವುದು ಈ ಸಮತೆಗೇ. ಚೌಕಟ್ಟಿನ ಮೇಲೆ ಕೈ ವೇಗವಾಗಿ ಓಡಿದರೆ ಟಾಕು ಉದ್ದವಾಗುತ್ತದೆ, ನಿಧಾನವಾದರೆ ಗಿಡ್ಡವಾಗುತ್ತದೆ. ಅದಕ್ಕೆಂದೇ ಒಂದು ನಿಯಂತ್ರಕ ಇರುತ್ತದೆ. ಗಾಲಿ ಎಷ್ಟು ದೂರ ಉರುಳಿತು ಎಂದು ಅಳೆದು ಸೂಜಿಯ ವೇಗವನ್ನು ತಾನೇ ಏರಿಸಿ ಇಳಿಸಿ, ಇಂಚಿಗೆ ಹತ್ತು ಎಂದರೆ ಹತ್ತೇ ಟಾಕು ಹಾಕುತ್ತದೆ. ಅದಿಲ್ಲದೆ ಕೈತಪ್ಪಿ ಬೀಳುವ ಉದ್ದ ಟಾಕುಗಳಿಗೆ ಇಲ್ಲಿಯ ಹೆಂಗಸರು ಇಟ್ಟ ಹೆಸರು ಕೇಳಿ ನನಗೆ ನಗು ತಡೆಯಲಾಗಲಿಲ್ಲ: ಕಾಲುಗುರು ಸಿಕ್ಕುವ ಹೊಲಿಗೆ. ನನ್ನ ಮೊದಲ ಕೌದಿ ನೋಡಿ ಅಜ್ಜಿ ಬೈದದ್ದು, “ಇದರಲ್ಲಿ ಕಾಲುಂಗುರ ಸಿಕ್ಕುತ್ತದೆ” ಎಂದು. ಉಗುರಿಗೂ ಉಂಗುರಕ್ಕೂ ನಡುವೆ ಒಂದು ಸಮುದ್ರವಿದೆ, ಬೈಗುಳ ಒಂದೇ.

ಮರುವಾರ ನನ್ನದೇ ಬಟ್ಟೆಯ ಗಂಟು ಕಟ್ಟಿಕೊಂಡು ಅಂಗಡಿಗೆ ಹೋದೆ. ಯಾರಾದರೂ ಇಂಥ ಯಂತ್ರ ಕೊಳ್ಳಲು ಹೊರಟರೆ ಇದೊಂದನ್ನು ಮಾಡಿ: ಅಂಗಡಿಯವರು ಕೊಡುವ ಗಂಜಿ ಹಾಕಿದ ಹೊಸ ಬಟ್ಟೆಯ ಮೇಲೆ ಹೊಲಿದು ನೋಡಬೇಡಿ. ಅದರ ಮೇಲೆ ಎಲ್ಲ ಯಂತ್ರವೂ ಚೆನ್ನಾಗಿಯೇ ಹೊಲಿಯುತ್ತದೆ. ಮೊದಲ ಅಂಗಡಿಯಲ್ಲಿ ನನ್ನ ಗಂಟು ಬಿಚ್ಚುವುದಕ್ಕೇ ಬಿಡಲಿಲ್ಲ. ಎರಡನೆಯ ಅಂಗಡಿಯ ವಯಸ್ಸಾದ ಹೆಂಗಸು ಇಳಕಲ್ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, “ರೇಷ್ಮೆ, ಒಡಲು ಹತ್ತಿ” ಎಂದಳು. ಆಗಲೇ ಅವಳ ಮೇಲೆ ನಂಬಿಕೆ ಬಂತು. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಜೋಡಿಸುವ ಗೆರೆಯನ್ನು ಅವಳಿಗೆ ತೋರಿಸಿದೆ. ಅವಳು ಭೂತಕನ್ನಡಿ ತಂದು ಐದು ನಿಮಿಷ ನೋಡಿದಳು. ವ್ಯಾಪಾರ ಅಲ್ಲಿಗೇ ನಿಂತಿತು.

ಆಮೇಲೆ ಹೊಲಿದೆವು. ಚೌಕಟ್ಟಿನ ಯಂತ್ರದಲ್ಲಿ ಐದು ಪದರ ಸರಾಗ. ಅಂಚು ಸೇರುವಲ್ಲಿ ಎಂಟಾದಾಗ, ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದ ಎಡವಿತು, ಸೂಜಿ ಬಾಗಿತು, ಟಪ್ಪೆಂದು ಮುರಿಯಿತು. ಆ ವೇಗದಲ್ಲಿ ಮುರಿದ ಸೂಜಿ ಕೆಳಗಿನ ಕೊಕ್ಕೆಗೆ ಬಡಿದರೆ ಸೂಜಿಗೂ ಕೊಕ್ಕೆಗೂ ಇರುವ ಹೊಂದಾಣಿಕೆಯೇ ತಪ್ಪಬಹುದು. ಮತ್ತೆ ರಿಪೇರಿಯವನನ್ನೇ ಕಾಯಬೇಕು. ಅವಳು ಗಾಬರಿಯಾಗದೆ ನನ್ನನ್ನು ಪಕ್ಕದ ಮೇಜಿಗೆ ಕರೆದೊಯ್ದು, “ನಿನ್ನದು ಕ್ವಿಲ್ಟಲ್ಲ, ಇದಕ್ಕೆ ಬೇಕಾದದ್ದು ಬೇರೆ” ಎಂದಳು.

ಆ ಮೇಜಿನ ಮೇಲಿದ್ದದ್ದು ಜಪಾನಿನ ಜೂಕಿ ಕಂಪನಿಯ ಹೊಲಿಗೆ ಯಂತ್ರ. ನೇರ ಹೊಲಿಗೆ ಬಿಟ್ಟರೆ ಅದಕ್ಕೆ ಬೇರೇನೂ ಬಾರದು. ಪರದೆ ಇಲ್ಲ, ಹೂಬಳ್ಳಿ ಇಲ್ಲ. ಎಂಟೂವರೆ ಇಂಚಿನ ಗಂಟಲು, ನಿಮಿಷಕ್ಕೆ 1500 ಟಾಕಿನವರೆಗೆ ವೇಗ, ಮೊಣಕಾಲಿನಿಂದ ಪಾದ ಎತ್ತುವ ಸನ್ನೆ. ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಒಟ್ಟಿಗೆ ಎಳೆಯುವ ನಡೆಯುವ ಪಾದ ಹಾಕಿ, ದಪ್ಪ ಸೂಜಿ ಕೂರಿಸಿ, ನಿಧಾನವಾಗಿ ಬಿಟ್ಟೆ. ಎಂಟು ಪದರ ದಾಟಿತು. ಹತ್ತಕ್ಕೆ ಕೈಚಕ್ರ ತಿರುಗಿಸಿ ದಾಟಿಸಿದೆ. ರೇಷ್ಮೆಯ ಸೆರಗು ಜಾರಲಿಲ್ಲ. ಚೌಕಟ್ಟಿನ ಯಂತ್ರದ ಬೆಲೆಯಲ್ಲಿ ಇಂಥವು ಆರೇಳು ಬರುತ್ತವೆ. ಅಂದೇ ಕೊಂಡೆ.

ಹಾಗೆಂದು ಉದ್ದತೋಳಿನ ಆಸೆ ಸತ್ತಿಲ್ಲ. ಅದೇ ಅಂಗಡಿಯಲ್ಲಿ ಒಂದು ದಿನದ ಪಾಠ ಮುಗಿಸಿದರೆ ಆ ದೊಡ್ಡ ಯಂತ್ರವನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಮೂರು ಪದರದ ನೆಟ್ಟನೆಯ ಕ್ವಿಲ್ಟಾದರೆ ಅಲ್ಲಿಗೆ ಒಯ್ಯುತ್ತೇನೆ. ವರ್ಷಕ್ಕೆ ಎರಡು ಕ್ವಿಲ್ಟು ಹೊಲಿಯುವವಳು ಹನ್ನೆರಡು ಅಡಿಯ ಚೌಕಟ್ಟನ್ನು ಮನೆಯಲ್ಲಿ ಸಾಕಬಾರದು. ಆನೆ ಸಾಕಿದ ಹಾಗೆ.

ಇದೆಲ್ಲ ಕೇಳಿ ಬೆಳಗಾವಿಯ ಶಹಾಪುರದಲ್ಲಿರುವ ಚಿಕ್ಕಪ್ಪನ ಮಗಳು, ಬರುವಾಗ ನನಗೂ ಒಂದು ತಾ ಎಂದಳು. ಅವರ ಓಣಿಯಲ್ಲಿ ಮಗ್ಗಗಳಿವೆ, ಸೀರೆಯ ತುಂಡಿಗೆ ಬರವಿಲ್ಲ; ಕೌದಿ ಹೊಲಿದು ಮಾರುವ ಯೋಚನೆ. ತರುವುದಿಲ್ಲ ಎಂದೆ. ಇಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ನೇರವಾಗಿ ಚುಚ್ಚಿದರೆ ಮೊದಲ ಹೊಲಿಗೆಯೇ ಕೊನೆಯದು. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು, ಆದರೆ ಬಿಡಿಭಾಗ ಕೆಟ್ಟರೆ ಮತ್ತೆ ನನಗೇ ಫೋನು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಬಳಸಿ ಮಾರುವ ಒಂಟಿ ಸೂಜಿಯ ಯಂತ್ರಗಳು ನಮ್ಮಲ್ಲೇ ಸಿಗುತ್ತವೆ. ನೇರ ಹೊಲಿಗೆ, ಅಗಲ ಗಂಟಲು, ರಿಪೇರಿ ಬಲ್ಲವರೂ ಇರುತ್ತಾರೆ. ಹತ್ತು ಪದರದ ಗಂಟು ಕಟ್ಟಿಕೊಂಡು ಹೋಗಿ ಹೊಲಿದು ನೋಡು ಎಂದೆ. ಅಮೆರಿಕದಿಂದ ತಂದದ್ದು ಎಂದು ತೋರಿಸಲು ಆಗುವುದಿಲ್ಲವಲ್ಲ ಎಂದು ಅವಳಿಗೆ ಬೇಸರ. ಸೂಜಿಯ ಪೊಟ್ಟಣ ತರುತ್ತೇನೆ, ಅದನ್ನು ತೋರಿಸಲಿ.

ಮೊದಲ ಕೌದಿಗೆ ಕುಳಿತು ಈಗ ಹದಿನೈದು ದಿನ. ಸುತ್ತ ಎಂಟು ಸಾಲು ಮುಗಿಸಿ ನಿನ್ನೆ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡಳು. ಖಣದ ಚೂರನ್ನು ಗುರುತು ಹಿಡಿದು, ಅದು ಅಜ್ಜಿ ಬನಶಂಕರಿ ಜಾತ್ರೆಗೆ ತೊಟ್ಟ ಕುಪ್ಪಸ ಎಂದಳು. ಹೊಲಿಗೆ ನೋಡಿ, “ಗೆರೆ ಎಳೆದ ಹಾಗಿದೆ, ಗೋಣಿಚೀಲ ಹೊಲಿಯುತ್ತಾರಲ್ಲ ಹಾಗೆ” ಎಂದಳು. ಹೊಗಳಿಕೆಯಲ್ಲ. ಆಮೇಲೆ, “ಮಗುಚು, ಹಿಂದುಗಡೆ ತೋರಿಸು.”

ಹಿಂದುಗಡೆ ಎರಡು ಅಂಚು ಸೇರುವಲ್ಲಿ ದಾರ ಹಕ್ಕಿಗೂಡಿನ ಹಾಗೆ ಗಂಟು ಬಿದ್ದಿತ್ತು. ನಾನು ಕೆಳಗಿನ ಬಾಬಿನ್ನಿನ ತಪ್ಪು ಎಂದೆ. ಯಂತ್ರದ ಮುಂದೆ ಕುಳಿತೇ ಇರದ ಅವ್ವ, “ಕೆಳಗೆ ಗಂಟು ಬಿದ್ದರೆ ಮೇಲಿನ ದಾರ ನೋಡು” ಎಂದಳು. ನೋಡಿದೆ. ದಾರ ತನ್ನನ್ನು ಬಿಗಿ ಹಿಡಿಯುವ ಬಿಲ್ಲೆಗಳ ನಡುವೆ ಕೂರದೆ ಹೊರಗೇ ತೂಗುತ್ತಿತ್ತು. ಎರಡು ಸಾಲು ಬಿಚ್ಚಬೇಕು.