ಹಾರೋತಿ ನೆಲಕ್ಕಿಳಿದಾಗ

ನಮ್ಮ ತೋಟದ ಹಾರೋತಿ, ಅಂದರೆ ಹಾರುವ ಓತಿಕ್ಯಾತ, ಅಡಿಕೆ ಮರದಿಂದ ನೆಲಕ್ಕಿಳಿದಿದ್ದನ್ನು ಹೋದ ವಾರ ಮೊದಲ ಸಲ ನೋಡಿದೆ. ಹೆಣ್ಣು. ಒಂದು ಗೇಣು ಉದ್ದ ಇರಬಹುದು, ಅದರಲ್ಲಿ ಬಾಲವೇ ಜಾಸ್ತಿ. ಮೂತಿಯಿಂದಲೇ ಮಣ್ಣು ಅಗೆದು ಗುಂಡಿ ಮಾಡುತ್ತಿತ್ತು. ನಾನು ದೂರದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ತಲೆಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿತು. ಎಷ್ಟು ಜೋಪಾನ!

ಪಕ್ಕೆಲುಬು ಅಗಲಿಸಿ, ಚರ್ಮವನ್ನು ರೆಕ್ಕೆಯ ಹಾಗೆ ಬಿಡಿಸಿ ಮರದಿಂದ ಮರಕ್ಕೆ ತೇಲುವ ಜೀವಿ ಇದು. ಹೆಣ್ಣು ನೆಲಕ್ಕೆ ಬರುವುದು ಹೆಚ್ಚುಕಡಿಮೆ ಮೊಟ್ಟೆ ಇಡೋಕೆ ಮಾತ್ರ. ಅದೇ ಹೊತ್ತಿಗೆ ನಾವು ಕಳೆನಾಶಕ ಹೊಡೆದರೆ, ಜೆಸಿಬಿ ತಂದು ಮಣ್ಣು ಎಳೆಸಿದರೆ? ಅಲ್ಲಿಗೆ ಆ ಮರಿಗಳ ಕತೆ ಮುಗೀತು.

ಪ್ರಪಂಚದಲ್ಲಿ ಈ ಜಾತಿಯ ಹಾರೋತಿ ಇರುವುದು ದಕ್ಷಿಣ ಭಾರತದಲ್ಲಿ ಮಾತ್ರ, ಅದರಲ್ಲೂ ಪಶ್ಚಿಮ ಘಟ್ಟದಲ್ಲಿ ಜಾಸ್ತಿ. ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯ ಕಡಿಮೆ ಇರುವ ಗುಂಪಿನಲ್ಲಿದೆ, ನಿಜ. ತೋಟಕ್ಕೂ ಒಗ್ಗಿಕೊಂಡಿದೆ. ಹಾಗಂತ ಸುಮ್ನೆ ಇರೋಕಾಗುತ್ತಾ? ಇದರ ಮುಖ್ಯ ಆಹಾರ ಇರುವೆ. ಔಷಧಿ ಹೊಡೆದು ಮರದ ಇರುವೆಯನ್ನೆಲ್ಲ ಸಾಯಿಸಿದರೆ ಇದು ತಿನ್ನೋದಾದರೂ ಏನನ್ನು? ರಸ್ತೆ ಅಗಲ ಮಾಡಲು ಎರಡೂ ಬದಿಯ ಮರ ಕಡಿದರೆ ಆಚೆ ಕಡೆಗೆ ತೇಲಿ ದಾಟೋದು ಹೇಗೆ?

ಗುಂಡಿಯ ಸುತ್ತ ನಾಲ್ಕು ಕೋಲು ನೆಟ್ಟಿದ್ದೇನೆ. ಈ ಸಲ ಕಳೆಯನ್ನು ಕತ್ತಿಯಲ್ಲೇ ಸವರೋಣ ಅಂತ ಕೆಲಸದವರಿಗೂ ಹೇಳಿದ್ದೇನೆ. ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತೇನೆ.