ಇಕ್ಕಟ್ಟಿಗೆ ಒಗ್ಗುವ ಮೀಟುಗೋಲು

ಬಾಗಿಲ ಚೌಕಟ್ಟಿನ ಸುತ್ತ ಹೊಡೆದಿದ್ದ ಮರದ ಪಟ್ಟಿಗಳನ್ನು ಸೀಳದೆ ಬಿಚ್ಚಬೇಕಿತ್ತು. ಪಟ್ಟಿಗಳ ಹಿಂದೆ ಗೋಡೆ ತೇವ ಹಿಡಿದಿತ್ತು. ಅದು ಎಲ್ಲಿಯವರೆಗೆ ಹರಡಿದೆ ಎಂದು ನೋಡದೆ ಮುಂದಿನ ಕೆಲಸ ಶುರುಮಾಡುವಂತಿರಲಿಲ್ಲ. ಪಟ್ಟಿಗಳು ಹಳೆಯವು, ಅಂಚಿನ ಕೆತ್ತನೆಗೆ ಹೊಂದುವ ಇನ್ನೊಂದು ತುಂಡು ಹುಡುಕಿದರೂ ಸಿಗುವುದಿಲ್ಲ. ಎಡಬದಿಯದು ಮತ್ತು ಮೇಲಿನದು ಸಲೀಸಾಗಿ ಬಂದವು. ಬಲಬದಿಯದು ಮೂಲೆಯಲ್ಲಿತ್ತು. ಪಟ್ಟಿಯ ಅಂಚಿನಿಂದ ಅಡ್ಡಗೋಡೆಗೆ ಇದ್ದದ್ದು 12 ಸೆಂಟಿಮೀಟರ್ ಜಾಗ.

ಅಷ್ಟರಲ್ಲಿ ನೇರವಾದ ಪ್ರೈ ಬಾರ್, ಅಂದರೆ ಮೀಟುಗೋಲು, ಪಟ್ಟಿಯ ಹಿಂದಕ್ಕೆ ಹೋಗುವುದೇ ಇಲ್ಲ, ಅದರ ಹಿಡಿ ಅಡ್ಡಗೋಡೆಗೆ ತಾಗಿ ನಿಲ್ಲುತ್ತದೆ. ಓರೆಯಾಗಿ ತೂರಿಸಿದರೆ ತುದಿಯ ಒಂದು ಮೂಲೆ ಮಾತ್ರ ಮರಕ್ಕೆ ಕಚ್ಚಿ ಅಂಚು ಜಜ್ಜಿಹೋಗುತ್ತದೆ. ದಪ್ಪ ಷಟ್ಕೋನದ ಹಾರೆಯಂಥ ಬಾರ್ ಇತ್ತು, ಕತ್ತು ಬಾಗಿದ್ದು. ಬಲಕ್ಕೇನೂ ಕೊರತೆಯಿಲ್ಲ, ಆದರೆ ಅದರ ತುದಿ ಹೋಗುವಷ್ಟು ಸಂದು ಮಾಡಬೇಕಾದರೆ ಪಟ್ಟಿಯನ್ನು ಮೊದಲೇ ಅರ್ಧ ಕಿತ್ತಿರಬೇಕು. ಸ್ಕ್ರೂಡ್ರೈವರ್ ಕೈಗೆ ಹತ್ತಿರವಿತ್ತು, ಅದನ್ನು ಮುಟ್ಟಲಿಲ್ಲ. ತಿರುಗಿಸುವ ಕೆಲಸಕ್ಕೆಂದು ಗಟ್ಟಿ ಮಾಡಿದ ಉಕ್ಕು ಅದು, ಮೀಟಿದರೆ ತುದಿ ಚಕ್ಕೆಯಾಗಿ ಸಿಡಿಯಬಹುದು. ಅದರ ಕಿರಿದಾದ ತುದಿ ಮರದೊಳಗೆ ಹೂತುಹೋಗುತ್ತದೆಯೇ ಹೊರತು ಮರವನ್ನು ಎತ್ತುವುದಿಲ್ಲ.

ಪಕ್ಕದ ಮನೆಯಲ್ಲಿ ಯಂತ್ರಗಳ ರಿಪೇರಿಯಲ್ಲೇ ಆಯುಸ್ಸು ಕಳೆದ ಹಿರಿಯರೊಬ್ಬರಿದ್ದಾರೆ. ಬಂದು ಮೂಲೆಯನ್ನು ನೋಡಿದರು. ನಾನು ಇನ್ನೂ ಉದ್ದದ್ದು ಬೇಕೇನೋ ಎಂದಾಗ ತಲೆಯಾಡಿಸಿ, "ಉದ್ದ ಆಮೇಲೆ ನೋಡೋಣ. ಹಿಡಿ ಎಷ್ಟು ದೂರ ಆಡುತ್ತೆ ಅಂತ ಮೊದಲು ಅಳೀರಿ" ಅಂದರು.

ಅಳೆದೆವು. ತುದಿ ಲಂಬವಾಗಿ ಬಾಗಿರುವ ಚಪ್ಪಟೆ ಬಾರ್ ಆದರೆ ಬಾಗಿದ ಗಿಡ್ಡ ಭಾಗ ಪಟ್ಟಿಯ ಹಿಂದೆ ಹೋಗುತ್ತದೆ, ಹಿಡಿ ಗೋಡೆಯಿಂದ ನೇರ ನಮ್ಮತ್ತ ನಿಲ್ಲುತ್ತದೆ. ಗಿಡ್ಡ ಭಾಗ 4 ಸೆಂಟಿಮೀಟರ್, ಅದರಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಹಿಡಿಯ ಆಚೆಗೆ ನನ್ನ ಮುಷ್ಟಿ ಸುಮಾರು 6 ಸೆಂಟಿಮೀಟರ್ ಚಾಚುತ್ತದೆ. ಇದೆಲ್ಲ ಕಳೆದರೆ ಕೈಗೆ ಉಳಿದ ಓಡಾಟ 4 ಸೆಂಟಿಮೀಟರ್.

ಲೆಕ್ಕ ಅಲ್ಲಿಂದಾಚೆಗೆ ನನ್ನ ಕಣ್ಣು ತೆರೆಸಿತು. ಹಿಡಿ 60 ಸೆಂಟಿಮೀಟರ್ ಇದ್ದರೆ ಅದು ಗಿಡ್ಡ ಭಾಗದ ಹದಿನೈದು ಪಟ್ಟು. ಕೈ 4 ಸೆಂಟಿಮೀಟರ್ ಸರಿದಾಗ ಪಟ್ಟಿ ಮೇಲೇಳುವುದು 3 ಮಿಲಿಮೀಟರಿಗೂ ಕಡಿಮೆ. 30 ಸೆಂಟಿಮೀಟರ್ ಹಿಡಿಯಾದರೆ ಏಳೂವರೆ ಪಟ್ಟು, ಪಟ್ಟಿ 5 ಮಿಲಿಮೀಟರ್ ಏಳುತ್ತದೆ. ಸನ್ನೆಗೋಲು ಬಲವನ್ನು ಪುಕ್ಕಟೆ ಕೊಡುವುದಿಲ್ಲ, ಕೈಯ ಓಡಾಟದಲ್ಲಿ ವಸೂಲು ಮಾಡುತ್ತದೆ. ಇಕ್ಕಟ್ಟಿನಲ್ಲಿ ಕೊಡಲು ನಮ್ಮ ಹತ್ತಿರ ಇಲ್ಲದಿರುವುದು ಅದೇ. ಬಲ ಸಾಲದೇ ಹೋಗಬಹುದೆಂಬ ಅಂಜಿಕೆಯೂ ಉಳಿಯಲಿಲ್ಲ. 10 ಕಿಲೋ ಭಾರದಷ್ಟು ಎಳೆದರೆ ತುದಿಯಲ್ಲಿ 75 ಕಿಲೋ ಭಾರದಷ್ಟು ಬಲ, ಹಳೆಯ ಮೊಳೆಗಳಿಗೆ ಧಾರಾಳ. ಅದರ ಎರಡರಷ್ಟು ಹಾಕಿದ್ದರೆ ಮೊಳೆಗಿಂತ ಮೊದಲು ಪಟ್ಟಿಯೇ ಸೀಳುತ್ತಿತ್ತು. ಮುಷ್ಟಿ ಕಟ್ಟದೆ ಬರಿಯ ಅಂಗೈಯಿಂದ ತಳ್ಳಿದರೆ ಓಡಾಟ ಇನ್ನಷ್ಟು ಸಿಗುತ್ತದೆ, ನಿಜ. ಆದರೆ ಮೊಳೆ ದಿಢೀರನೆ ಸಡಿಲವಾದಾಗ ಬಾರನ್ನು ತಡೆದು ನಿಲ್ಲಿಸುವ ಹಿಡಿತ ಇರುವುದಿಲ್ಲ.

ಅವರ ಪೆಟ್ಟಿಗೆಯಲ್ಲಿ ಬೇರೆ ಬೇರೆ ಕೋನಕ್ಕೆ ತಲೆ ತಿರುಗಿಸಿ ಬಿಗಿಮಾಡುವ ಒಂದು ಬಾರ್ ಕೂಡ ಇತ್ತು. ಎಂಜಿನ್ನಿನ ಪಕ್ಕ, ಬೆಲ್ಟ್ ಬಿಗಿ ಮಾಡುವಂಥ ಜಾಗಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಇಲ್ಲಿ ನನಗೆ ಅದು ಒಗ್ಗಲಿಲ್ಲ. ತಲೆಯ ಕೀಲಿನ ಹತ್ತಿರ ದಪ್ಪ, ಸುತ್ತಿಗೆಯಿಂದ ಬಡಿದು ತೂರಿಸಲು ಮನಸ್ಸು ಬಾರದು. ಆರಿಸಿಕೊಂಡದ್ದು ಸ್ಪ್ರಿಂಗ್ ಉಕ್ಕಿನ ತೆಳು ಚಪ್ಪಟೆ ಬಾರ್. ಅದರ ಬಾಗು ಚೂಪಾಗಿರದೆ ದುಂಡಗಿತ್ತು, ಇದು ದೊಡ್ಡ ಗುಣ. ಹಿಡಿ ಎಳೆದಂತೆ ಬಾಗು ಉರುಳುತ್ತದೆ, ಊರುವ ಜಾಗ ತುದಿಯಿಂದ ದೂರ ಸರಿಯುತ್ತದೆ. ಮೊಳೆ ಬಿಗಿಯಾಗಿರುವ ಮೊದಲ ಕ್ಷಣದಲ್ಲಿ ಬಲ ಹೆಚ್ಚು, ಸಡಿಲವಾದ ಮೇಲೆ ಎತ್ತುವಿಕೆ ಹೆಚ್ಚು.

ಕೆಲಸಕ್ಕೆ ಕೂತಾಗ ಕನ್ನಡಕ ಹಾಕಿಕೊಂಡೆ. ಗೋಡೆಗೂ ಪಟ್ಟಿಗೂ ಕೂಡಿಕೊಂಡಿದ್ದ ಬಣ್ಣವನ್ನು ಬ್ಲೇಡಿನಿಂದ ಉದ್ದಕ್ಕೂ ಗೀರಿದೆ. ಹಾಗೆ ಬಿಡಿಸದಿದ್ದರೆ ಪಟ್ಟಿಯ ಜೊತೆ ಗಾರೆಯ ಚಕ್ಕೆಯೂ ಏಳುತ್ತದೆ. ಪುಟ್ಟಿ ಹಚ್ಚುವ ತೆಳು ಪಟ್ಟಾವನ್ನು ಮೆಲ್ಲನೆ ಬಡಿದು ಮೊದಲ ಸಂದು ಮಾಡಿದೆ, ಬಾರ್ ಹಿಂಬಾಲಿಸಿತು. ತುದಿಯಲ್ಲಿ 75 ಕಿಲೋ ಎತ್ತುವಾಗ ಬಾಗಿನ ಕೆಳಗೆ ಗೋಡೆಯ ಮೇಲೂ ಅಷ್ಟೇ ಒತ್ತಡ ಬೀಳುತ್ತದೆ. ತೇವ ಕುಡಿದು ಮೆತ್ತಗಾದ ಗಾರೆ ಅದನ್ನು ತಾಳುವುದಿಲ್ಲ, ಅದಕ್ಕೇ ಅಲ್ಲಿ ಅಗಲವಾದ ಪ್ಲೈವುಡ್ ತುಂಡು ಇಟ್ಟೆವು.

ಮೀಟಬೇಕಾದದ್ದು ಮೊಳೆ ಇರುವಲ್ಲಿ. ಎರಡು ಮೊಳೆಗಳ ನಡುವೆ ಮೀಟಿದರೆ ಪಟ್ಟಿ ಬಿಲ್ಲಿನಂತೆ ಬಾಗಿ ಮುರಿಯುತ್ತದೆ. ಒಂದು ಮೊಳೆಯ ಬಳಿ 5 ಮಿಲಿಮೀಟರ್ ಎದ್ದ ಕೂಡಲೇ ಅವರು ಸಂದಿಗೆ ಬೆಣೆ ಸಿಕ್ಕಿಸುವರು, ನಾನು ಮುಂದಿನ ಮೊಳೆಗೆ ಹೋಗುವೆ. ಮೇಲಿನಿಂದ ಕೆಳಗೆ ಒಂದು ಸುತ್ತು, ಮತ್ತೆ ಮೇಲಿನಿಂದ ಇನ್ನೊಂದು. ಅವಸರ ಮಾಡುವವರಿಗೆ ಇದು ಬೇಸರ ತರಿಸಬಹುದು; ನನಗೆ ಆ ನಿಧಾನವೇ ಹಿಡಿಸಿತು.

ನೆಲದ ಹತ್ತಿರದ ಕೊನೆಯ ಮೊಳೆಗೆ ಆ ಬಾರ್ ಕೂಡ ಸೇರಲಿಲ್ಲ. ಅಲ್ಲಿ ಮೀಟಲೇ ಇಲ್ಲ. ಎರಡು ಬೆಣೆಗಳನ್ನು ಎದುರುಬದಿರಾಗಿ ಒಂದರ ಮೇಲೊಂದು ಜಾರಿಸಿ, ಸರದಿಯಂತೆ ಸಣ್ಣ ಏಟು ಕೊಟ್ಟು ಪಟ್ಟಿಯನ್ನು ಗೋಡೆಯಿಂದ ದೂಡಿದೆವು. ಕೈಗೆ ಬಂದ ಪಟ್ಟಿಯ ಮೊಳೆಗಳನ್ನು ಹಿಂದಿನಿಂದಲೇ ಇಕ್ಕಳದಿಂದ ಎಳೆದು ತೆಗೆದೆ. ಮುಂದಕ್ಕೆ ಬಡಿದಿದ್ದರೆ ತಲೆಯ ಸುತ್ತಲಿನ ಮರ ಚಕ್ಕೆ ಏಳುತ್ತಿತ್ತು. ತೇವ ನೆಲದಿಂದ ಮೊಣಕಾಲೆತ್ತರಕ್ಕೆ ಏರಿತ್ತು, ಅದಕ್ಕಿಂತ ಮೇಲೆ ಗಾರೆ ಒಣಗಿಯೇ ಇತ್ತು.