ಗೋವಿನಜೋಳದ ಕಾಳು ಯಾವ ಮಗ್ಗುಲಿಗೆ ಬಿದ್ದಿದೆ? ಡಿಇಎಂನಲ್ಲಿ ಓರಿಯಂಟೇಶನ್ ಹಿಡಿಯುವ ಕೆಲಸ

ಹಾವೇರಿ ಕಡೆ ಗೋವಿನಜೋಳ ಬಿತ್ತುವ ಪ್ಲಾಂಟರ್‌ನಲ್ಲಿ ಬೀಜದ ತಟ್ಟೆಯ ಪ್ರತಿ ಗುಳಿಗೂ ಒಂದೇ ಕಾಳು ಕೂರಬೇಕು. ಚಪ್ಪಟೆಯಾಗಿ ಮಲಗಿದ ಕಾಳು ಗುಳಿಯನ್ನು ತುಂಬಿಬಿಡುತ್ತದೆ. ಅಂಚಿನ ಮೇಲೆ ನಿಂತ ಕಾಳಿನ ಪಕ್ಕ ಇನ್ನೊಂದು ನುಸುಳುತ್ತದೆ, ಹೊಲದಲ್ಲಿ ಅದು ಜೋಡಿ ಸಸಿಯಾಗಿ ಏಳುತ್ತದೆ. ಇದನ್ನು ಡಿಇಎಂನಲ್ಲಿ (ಡಿಸ್‌ಕ್ರೀಟ್ ಎಲಿಮೆಂಟ್ ಮೆಥಡ್, ಅಂದರೆ ಪ್ರತಿ ಕಾಳನ್ನೂ ಬಿಡಿ ಕಣವಾಗಿ ಹಿಡಿದು ಅದರ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿಧಾನ) ನೋಡಲು ಹೊರಟವರ ಮೊದಲ ಪ್ರಶ್ನೆ, ಕಣದ ಓರಿಯಂಟೇಶನ್ (ಅದು ಯಾವ ಕಡೆ ತಿರುಗಿ ಕೂತಿದೆ ಎಂಬುದು) ಕೊಡುವ ಆಯ್ಕೆ ಎಲ್ಲಿದೆ ಎಂಬುದು. ಆಯ್ಕೆ ಸಿಗುತ್ತದೆ. ಲಿಗ್ಟ್ಸ್ ಎಂಬ ಡಿಇಎಂ ಸಾಫ್ಟ್‌ವೇರ್‌ನ, ಕಣ ಹಾಕುವ ಇನ್ಸರ್ಟ್ ಕಮಾಂಡ್‌ಗಳಲ್ಲಿ ರ‍್ಯಾಂಡಮ್, ಟೆಂಪ್ಲೇಟ್ (ಕಾಳಿನ ಆಕಾರದ ಅಚ್ಚಿನಲ್ಲಿ ಬರೆದಂತೆ), ಕಾನ್‌ಸ್ಟಂಟ್ (ನೀವು ಕೊಟ್ಟ ಒಂದೇ ಭಂಗಿ) ಎಂಬ ಮೂರು ಬಗೆ ಇವೆ. ಯೇಡ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಪ್ರತಿ ಕಣದ ಸ್ಟೇಟ್‌ನಲ್ಲೇ ಕ್ವಾಟರ್ನಿಯನ್ (ತಿರುಗಿದ ಭಂಗಿಯನ್ನು ಹೇಳುವ ನಾಲ್ಕು ಅಂಕಿ) ಬರೆಯಬಹುದು. ಆದರೆ ಅಲ್ಲಿ ಕೊಡುವುದು ಕಾಳು ಹುಟ್ಟುವ ಗಳಿಗೆಯ ಭಂಗಿಯನ್ನು ಮಾತ್ರ. ಗುಳಿಗೆ ಬರುವ ಹೊತ್ತಿಗೆ ಅದು ಉಳಿದಿರಬೇಕೆಂದೇನೂ ಇಲ್ಲ.

100 ಮಿ.ಮೀ. ಎತ್ತರದಿಂದ ಬಿಟ್ಟ ಕಾಳು ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ತಳ ಮುಟ್ಟುತ್ತದೆ. ಒಂದು ಮೂಲೆ ಮೊದಲು ತಗುಲಿದರೆ ಸೆಕೆಂಡಿಗೆ ನೂರಾರು ರೇಡಿಯನ್ ವೇಗದಲ್ಲಿ ತಿರುಗಿ ಏಳುತ್ತದೆ. ನೀವು ಕೊಟ್ಟ ಕ್ವಾಟರ್ನಿಯನ್ ಅಲ್ಲಿಗೆ ಮುಗಿಯಿತು. ಎತ್ತರವನ್ನು 10 ಮಿ.ಮೀ.ಗೆ ಇಳಿಸಿದರೆ ವೇಗ 0.44ಕ್ಕೆ ಬರುತ್ತದೆ, ಕೊಟ್ಟ ಭಂಗಿಯೂ ಬಹುಮಟ್ಟಿಗೆ ಉಳಿಯುತ್ತದೆ. ಹಾಗಾಗಿ ಹಾಪರ್ ತುಂಬುವಾಗ ಎತ್ತರದ ಒಂದೇ ಕಡೆಯಿಂದ ಸುರಿಯಬಾರದು. ಇನ್ಸರ್ಟ್ ಮಾಡುವ ಜಾಗವನ್ನು ರಾಶಿಯ ಮೇಲ್ಮೈಗೆ ಹತ್ತಿರವಿಟ್ಟು ಪದರ ಪದರವಾಗಿ ತುಂಬಬೇಕು.

ಅದಕ್ಕೂ ಮುಂಚೆ ಟೆಂಪ್ಲೇಟ್ ಸರಿಯಿರಬೇಕು. ಒಂದೇ ತೆನೆಯಲ್ಲೂ ನಡುವಿನ ಕಾಳು ಚಪ್ಪಟೆ, ಬುಡ ಮತ್ತು ತುದಿಯ ಕಾಳು ದುಂಡು. ಬೀಜದವರು ಇದಕ್ಕೇ ದುಂಡು ತೂತಿನ ಜರಡಿ, ಸೀಳು ತೂತಿನ ಜರಡಿ ಎರಡನ್ನೂ ಇಟ್ಟಿರುತ್ತಾರೆ. ದುಂಡು ತೂತು ಅಗಲ ನೋಡುತ್ತದೆ, ಸೀಳು ತೂತು ದಪ್ಪ ನೋಡುತ್ತದೆ. ಎರಡೂ ಬಗೆಗೆ ಬೇರೆ ಬೇರೆ ಟೆಂಪ್ಲೇಟ್ ಬೇಕು. ಟೆಂಪ್ಲೇಟ್‌ಗಳನ್ನು ಬೆರೆಸುವ ಲಿಗ್ಟ್ಸ್‌ನ ಡಿಸ್‌ಕ್ರೀಟ್ ಡಿಸ್ಟ್ರಿಬ್ಯೂಶನ್‌ನಲ್ಲಿ ಕೊಡುವ ಪಾಲು ತೂಕದ ಲೆಕ್ಕದ್ದು. ಕಾಳು ಎಣಿಸಿ ಪಾಲು ತೆಗೆದಿದ್ದರೆ ನಂಬರ್‌ಬೇಸ್ಡ್ ಎಂಬ ಇನ್ನೊಂದು ರೂಪವನ್ನೇ ಬಳಸಿ. ಅಂದಹಾಗೆ, ಬಿಳಿಜೋಳಕ್ಕೆ ಈ ತಲೆನೋವೇ ಬೇಡ, ಬಹಳಷ್ಟು ಕೆಲಸಕ್ಕೆ ಗೋಳ ಸಾಕು.

ಚಪ್ಪಟೆ ಕಾಳನ್ನು 11 ಮಿ.ಮೀ. ಉದ್ದ, 8 ಅಗಲ, 4.5 ದಪ್ಪ ಎಂದಿಟ್ಟುಕೊಳ್ಳಿ. ಸಾಂದ್ರತೆ ಘನ ಮೀಟರಿಗೆ 1250 ಕಿಲೋ ಹಿಡಿದರೆ ಒಂದು ಕಾಳು ಸುಮಾರು 0.26 ಗ್ರಾಂ. ಇದನ್ನು ಒಂದರೊಳಗೊಂದು ಸೇರಿದ ಗೋಳಗಳಿಂದ ಕಟ್ಟಿದಾಗ, ಸೇರಿಕೊಂಡ ಭಾಗ ಎರಡೆರಡು ಸಲ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳಬೇಕು. ತೂಕ ಹೆಚ್ಚಾದರೆ ಹೇಗೋ ಕಣ್ಣಿಗೆ ಬೀಳುತ್ತದೆ, ಜಡತ್ವ (ತಿರುಗಿಸುವುದಕ್ಕೆ ಕಾಳು ಒಡ್ಡುವ ಅಡ್ಡಿ) ತಪ್ಪಾದರೆ ಬೀಳುವುದಿಲ್ಲ. ಕಾಳು ತಿರುಗುವ ರೀತಿ ಮಾತ್ರ ಬೇರೆಯಾಗುತ್ತದೆ. ಲಿಗ್ಟ್ಸ್ ಘನಗಾತ್ರವನ್ನೂ ಜಡತ್ವವನ್ನೂ ರ‍್ಯಾಂಡಮ್ ಬಿಂದು ಎಸೆದು ಎಣಿಸುತ್ತದೆ. ಎಸೆಯುವ ಬಿಂದುಗಳ ಸಂಖ್ಯೆ, ಅಂದರೆ ಎನ್‌ಟ್ರೈ, 10,000 ಇದ್ದರೆ ಘನಗಾತ್ರದಲ್ಲಿ ಶೇ. 1ರಷ್ಟು ತಪ್ಪು, 10 ಲಕ್ಷ ಇದ್ದರೆ ಶೇ. 0.1ರಷ್ಟು. ಲೆಕ್ಕ ಶುರುವಿನಲ್ಲಿ ಒಮ್ಮೆ ಮಾತ್ರ ನಡೆಯುವುದರಿಂದ ಇಲ್ಲಿ ಕಂಜೂಸುತನ ಬೇಡ. ರ‍್ಯಾಂಡಮ್ ಸೀಡ್ (ಆ ಬಿಂದುಗಳ ಸರಣಿಯನ್ನು ಶುರುಮಾಡಲು ಕೊಡುವ ಸಂಖ್ಯೆ) 10,000ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿರಬೇಕು ಎಂಬುದೂ ಅಲ್ಲಿನ ನಿಯಮ.

ಇನ್ನು ಹೆಚ್ಚು ಜನ ಜಾರಿಬೀಳುವ ಜಾಗ. ಔಟ್‌ಪುಟ್‌ನಲ್ಲಿ ಬರುವ ಕ್ವಾಟರ್ನಿಯನ್ ನೀವು ಫೈಲಿನಲ್ಲಿ ಬರೆದ ಎಕ್ಸ್, ವೈ, ಝಡ್ ಅಕ್ಷಗಳದ್ದಲ್ಲ, ಸಾಫ್ಟ್‌ವೇರ್ ತಾನೇ ಕಂಡುಹಿಡಿಯುವ ಜಡತ್ವದ ಮುಖ್ಯ ಅಕ್ಷಗಳದ್ದು. ಫೈಲಿನಲ್ಲಿ ಕಾಳನ್ನು ಮಲಗಿಸಿ ಬರೆದಿದ್ದರೂ ಸಾಫ್ಟ್‌ವೇರ್‌ನ ಮೂರನೆಯ ಅಕ್ಷ ದಪ್ಪದ ದಿಕ್ಕೇ ಆಗಬೇಕಿಲ್ಲ. ಗುರುತಿಸುವುದು ಸುಲಭ: ಚಪ್ಪಟೆ ಕಾಳಿನಲ್ಲಿ ದಪ್ಪದ ಅಕ್ಷದ ಸುತ್ತಲಿನ ಜಡತ್ವವೇ ಎಲ್ಲಕ್ಕಿಂತ ದೊಡ್ಡದು. ಮೇಲಿನ ಅಳತೆಯ ಕಾಳಿಗೆ ದಪ್ಪ, ಅಗಲ, ಉದ್ದದ ಅಕ್ಷಗಳ ಜಡತ್ವ ಸುಮಾರು 46, 35, 21ರ ಅನುಪಾತದಲ್ಲಿ ಬರುತ್ತದೆ, ಗೊಂದಲಕ್ಕೆ ಎಡೆಯಿಲ್ಲ. ದುಂಡು ಕಾಳಿನಲ್ಲಿ ಮೂರೂ ಹತ್ತಿರ ಹತ್ತಿರ ಬರುತ್ತವೆ. ಅಲ್ಲಿ ಯಾವ ಅಕ್ಷ ಯಾವುದೆಂದು ಹೇಳಲಾಗದು, ಹೇಳುವ ಅಗತ್ಯವೂ ಇಲ್ಲ.

ಕ್ವಾಟರ್ನಿಯನ್‌ನ ನಾಲ್ಕು ಅಂಕಿಗಳ ಕ್ರಮವನ್ನೂ ನೋಡಿಕೊಳ್ಳಿ. ಲಿಗ್ಟ್ಸ್, ಅದರ ಮೂಲವಾದ ಲ್ಯಾಂಪ್ಸ್ ಎರಡೂ ಕೊಸೈನ್ ಭಾಗವನ್ನು (ತಿರುಗಿದ ಕೋನದ ಅರ್ಧದ ಕೊಸೈನ್) ಮೊದಲು ಇಡುತ್ತವೆ. ಪೈಥಾನ್‌ನ ಗಣಿತ ಲೈಬ್ರರಿ ಸೈಪೈ ಅದನ್ನು ಕೊನೆಯಲ್ಲಿ ಬಯಸುತ್ತದೆ. ಕಾಳನ್ನು ಎಕ್ಸ್ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ ಅಂಚಿನ ಮೇಲೆ ನಿಲ್ಲಿಸಿದರೆ ಬರುವುದು 0.7071, 0.7071, 0, 0. ಇದನ್ನೇ ಹಾಗೇ ಸೈಪೈಗೆ ಕೊಟ್ಟರೆ ಎಕ್ಸ್ ಮತ್ತು ವೈ ನಡುವಿನ ಕರ್ಣದ ಸುತ್ತ 180 ಡಿಗ್ರಿ ತಿರುಗಿದೆ ಎಂದು ಓದುತ್ತದೆ. ದಪ್ಪದ ಅಕ್ಷ ಮೇಲಿದ್ದದ್ದು ಕೆಳಗಾಗುತ್ತದೆ, ಅಷ್ಟೆ. ಅಂದರೆ ನಿಂತ ಕಾಳು ಲೆಕ್ಕದಲ್ಲಿ ಚಪ್ಪಟೆಯಾಗಿ ಮಲಗಿದೆ! ಎರರ್ ಬರುವುದಿಲ್ಲ, ಗ್ರಾಫ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಒಂದೇ ಒಂದು ಕಾಳನ್ನು ಗುರುತ್ವವಿಲ್ಲದೆ ನಿಲ್ಲಿಸಿ, ತಿರುಗಿಸಿ, ಓದಿ ನೋಡುವ ಪರೀಕ್ಷೆಗೆ ಐದು ನಿಮಿಷ ಸಾಕು.

ಚಿತ್ರ ನೋಡಿ ತೀರ್ಮಾನಿಸುವ ಹಾಗಿಲ್ಲ. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಮಲ್ಟಿಸ್ಫಿಯರ್ (ಹಲವು ಗೋಳಗಳಿಂದ ಕಟ್ಟಿದ) ಕಾಳು ಬಿಡಿ ಗೋಳಗಳ ರಾಶಿಯಾಗಿಯೇ ಕಾಣುತ್ತದೆ. ದಪ್ಪದ ಅಕ್ಷವೂ ಲಂಬರೇಖೆಯೂ ಮಾಡುವ ಕೋನದ ಕೊಸೈನ್ ತೆಗೆದು, ವರ್ಗ ಮಾಡಿ, ಎಲ್ಲ ಕಾಳಿಗೂ ಸರಾಸರಿ ತೆಗೆಯಿರಿ. ಅದನ್ನು ಮೂರರಿಂದ ಗುಣಿಸಿ, ಒಂದು ಕಳೆದು, ಎರಡರಿಂದ ಭಾಗಿಸಿದರೆ ಆರ್ಡರ್ ಪ್ಯಾರಾಮೀಟರ್. ಎಲ್ಲ ಮಲಗಿದ್ದರೆ 1, ಎಲ್ಲ ಅಂಚಿನ ಮೇಲೆ ನಿಂತಿದ್ದರೆ –0.5, ದಿಕ್ಕಾಪಾಲಾಗಿದ್ದರೆ 0. ವರ್ಗ ಮಾಡದೆ ಬರೀ ಸರಾಸರಿ ತೆಗೆದರೆ ಮೇಲ್ಮುಖ, ಕೆಳಮುಖ ಒಂದನ್ನೊಂದು ಹೊಡೆದುಹಾಕಿ ಯಾವಾಗಲೂ ಸೊನ್ನೆಯ ಹತ್ತಿರವೇ ಬರುತ್ತದೆ. 500 ಕಾಳಿನ ಲೆಕ್ಕದಲ್ಲಿ ±0.02ರಷ್ಟು ಅಲುಗಾಟ ಸಹಜ, ಅದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ಕಥೆ ಕಟ್ಟಬೇಡಿ. ಗೋಡೆಯ ಪಕ್ಕದ ಕಾಳುಗಳು ಗೋಡೆಗೆ ಒರಗಿ ಸಾಲಾಗುತ್ತವೆ. ಮೂರು ನಾಲ್ಕು ಕಾಳುದ್ದ ಬಿಟ್ಟು ಒಳಗಿನವನ್ನೇ ಎಣಿಸಿ.

ಸ್ವಂತ ಸ್ಕ್ರಿಪ್ಟ್‌ನಲ್ಲಿ ರ‍್ಯಾಂಡಮ್ ದಿಕ್ಕು ಹಂಚುವವರಿಗೂ ಇದೇ ಅಳತೆಗೋಲು. ಅಕ್ಷಗಳ ಸುತ್ತ ಒಂದಾದ ಮೇಲೊಂದರಂತೆ ತಿರುಗಿಸುವ ಮೂರು ಆಯ್ಲರ್ ಕೋನಗಳನ್ನೂ ಸಮನಾಗಿ ಹಂಚಿದರೆ ದಿಕ್ಕುಗಳು ಧ್ರುವದ ಹತ್ತಿರ ಗುಂಪುಗೂಡುತ್ತವೆ, ಕೊಸೈನ್ ವರ್ಗದ ಸರಾಸರಿ ಮೂರನೇ ಒಂದಾಗುವ ಬದಲು ಅರ್ಧವಾಗುತ್ತದೆ, ಆರ್ಡರ್ ಪ್ಯಾರಾಮೀಟರ್ 0.25 ತೋರಿಸುತ್ತದೆ. ಕಾಳು ಸುರಿಯುವ ಮೊದಲೇ ರಾಶಿ ಅರೆಬರೆ ಮಲಗಿದೆ ಎಂದಾಯಿತು. ಕೆನ್ ಶೂಮೇಕ್ 1992ರಲ್ಲಿ ಕೊಟ್ಟ, ಮೂರು ರ‍್ಯಾಂಡಮ್ ಸಂಖ್ಯೆಗಳಿಂದ ನೇರವಾಗಿ ಕ್ವಾಟರ್ನಿಯನ್ ಮಾಡುವ ಸೂತ್ರ ಬಳಸಿದರೆ ಈ ಗೋಜಿಲ್ಲ.

ಬೇಕಾದ ಮಗ್ಗುಲಲ್ಲೇ ರಾಶಿ ಕೂರಬೇಕೆಂದರೆ ಎರಡು ದಾರಿ. ಒಂದು, ಕೂರುವವರೆಗೆ ತಿರುಗುವಿಕೆಯನ್ನೇ ಕಟ್ಟಿಹಾಕುವುದು. ಯೇಡ್‌ನ ಬ್ಲಾಕ್ಡ್‌ಡಿಓಎಫ್‌ಎಸ್‌ನಲ್ಲಿ ತಡೆಯಬೇಕಾದ ಅಕ್ಷಗಳ ಹೆಸರು ಬರೆಯಬೇಕು: ದೊಡ್ಡಕ್ಷರಗಳು ತಿರುಗುವಿಕೆಗೆ, ಸಣ್ಣಕ್ಷರಗಳು ಚಲನೆಗೆ. ಆದರೆ ತಿರುಗಲಾಗದ ಕಾಳುಗಳು ಒಂದಕ್ಕೊಂದು ಸಿಕ್ಕಿ ಕಮಾನು ಕಟ್ಟುತ್ತವೆ. ಬಿಟ್ಟ ಕೂಡಲೇ ರಾಶಿ ಕುಸಿಯುತ್ತದೆ. ಬಿಡುವ ಮುಂಚೆ, ಬಿಟ್ಟು ಚಲನಶಕ್ತಿ ತಣಿದ ಮೇಲೆ, ಎರಡೂ ಸಲ ಆರ್ಡರ್ ಪ್ಯಾರಾಮೀಟರ್ ಅಳೆಯಿರಿ. ಇನ್ನೊಂದು, ನನಗೆ ಹೆಚ್ಚು ಹಿಡಿಸಿದ್ದು, ಗುರಿಯ ಕಡೆ ಮೆಲ್ಲಗೆ ತಿರುಗಿಸುವ ಟಾರ್ಕ್ ಕೊಡುವುದು: ಕಾಳಿನ ಅಕ್ಷ ಮತ್ತು ಗುರಿಯ ಅಕ್ಷದ ಕ್ರಾಸ್ ಪ್ರಾಡಕ್ಟ್ ಅನ್ನು ಅವುಗಳ ಡಾಟ್ ಪ್ರಾಡಕ್ಟ್‌ನಿಂದ ಗುಣಿಸಿ, ಮೇಲೊಂದು ಡ್ಯಾಂಪಿಂಗ್ (ಓಲಾಟ ತಣಿಸುವ ಅಡ್ಡಿ). ಡಾಟ್ ಪ್ರಾಡಕ್ಟ್ ಬಿಟ್ಟರೆ ತಲೆಕೆಳಗಾದ ಕಾಳುಗಳೆಲ್ಲ ಸುಮ್ಮನೆ ಪಲ್ಟಿ ಹೊಡೆಯುತ್ತವೆ. ಟಾರ್ಕ್‌ನ ಬಲ ಕಾಳಿನ ತೂಕವನ್ನು ಅರ್ಧ ಅಗಲದಿಂದ ಗುಣಿಸಿದಷ್ಟಿರಲಿ, ಅಂದಾಜು ಲಕ್ಷದಲ್ಲೊಂದು ನ್ಯೂಟನ್ ಮೀಟರ್. ಡ್ಯಾಂಪಿಂಗ್ ಆ ಬಲ ಮತ್ತು ಜಡತ್ವದ ಗುಣಲಬ್ಧದ ವರ್ಗಮೂಲದ ಎರಡರಷ್ಟು. ಸರಿಯಾಗಿ 90 ಡಿಗ್ರಿಯಲ್ಲಿ ನಿಂತ ಕಾಳಿಗೆ ಈ ಟಾರ್ಕ್ ಸೊನ್ನೆ, ಅದಕ್ಕೆ ಮೊದಲೇ ಒಂದೆರಡು ಡಿಗ್ರಿ ವಾಲಿಸಿರಬೇಕು. ಯೇಡ್‌ನಲ್ಲಿ ಹೀಗೆ ಸೇರಿಸಿದ ಟಾರ್ಕ್ ಒಂದು ಸ್ಟೆಪ್‌ಗೆ ಮಾತ್ರ, ಪೈಥಾನ್ ಕೋಡನ್ನು ಮತ್ತೆ ಮತ್ತೆ ಓಡಿಸುವ ಪೈರನ್ನರ್‌ನಿಂದ ಪ್ರತಿ ಸ್ಟೆಪ್‌ಗೂ ಕೊಡಬೇಕು; ಅಳೆಯುವ ಮುಂಚೆ ಮರೆಯದೆ ತೆಗೆಯಬೇಕು.

ರೋಲಿಂಗ್ ಫ್ರಿಕ್ಷನ್ (ಉರುಳುವಿಕೆಯನ್ನು ತಡೆಯುವ ಘರ್ಷಣೆ) ಬಗ್ಗೆ ಒಂದು ಮಾತು. ಗೋಳಗಳಿಗೆ ಹೊಂದಿಸಿದ ಬೆಲೆಯಲ್ಲಿ ಆಕಾರದ ಪರಿಣಾಮವೂ ಅಡಗಿರುತ್ತದೆ. ಅದನ್ನೇ ಚಪ್ಪಟೆ ಕಾಳಿಗೆ ತಂದರೆ ಆಕಾರ ಎರಡು ಸಲ ಲೆಕ್ಕಕ್ಕೆ ಬಂದು, ಬೀಳಬೇಕಾದ ಕಾಳುಗಳು ಅಂಚಿನ ಮೇಲೆ ನಿಂತೇ ಇರುತ್ತವೆ. ಸೊನ್ನೆಯಿಂದ ಶುರುಮಾಡಿ. ಟೈಮ್‌ಸ್ಟೆಪ್ (ಲೆಕ್ಕ ಒಂದು ಹೆಜ್ಜೆಗೆ ಮುಂದೆ ಹೋಗುವ ಸಮಯ) ಅನ್ನು ಟೆಂಪ್ಲೇಟಿನ ಅತಿ ಸಣ್ಣ ಗೋಳದಿಂದ ತೆಗೆಯಿರಿ: 1 ಮಿ.ಮೀ. ತ್ರಿಜ್ಯ, ಶಿಯರ್ ಮಾಡ್ಯುಲಸ್ 1 ಕೋಟಿ ಪ್ಯಾಸ್ಕಲ್, ಪಾಯ್ಸನ್ ಅನುಪಾತ 0.3 ಇದ್ದರೆ ರೇಲೀ ಸಮಯ (ಗೋಳದ ಮೇಲ್ಮೈಯಲ್ಲಿ ಅಲೆ ಸಾಗಲು ಬೇಕಾಗುವ ಸಮಯ) ಸುಮಾರು 38 ಮೈಕ್ರೋಸೆಕೆಂಡ್, ಅದರ ಶೇ. 20 ಎಂದರೆ 7.6.

ಲೆಕ್ಕವನ್ನು ನಿಜದ ಕಾಳಿನ ಜೊತೆ ತಾಳೆ ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ಕಾಳು ತಂದು, ಜರಡಿ ಹಿಡಿದು ಚಪ್ಪಟೆಯವನ್ನಷ್ಟೇ ಆರಿಸಿ, ಅಕ್ರಿಲಿಕ್ ಪೆಟ್ಟಿಗೆಗೆ ಸಿಮ್ಯುಲೇಶನ್‌ನಲ್ಲಿದ್ದ ಎತ್ತರದಿಂದಲೇ ಸುರಿದು, ಮೇಲಿನಿಂದ ಫೋಟೋ ತೆಗೆಯಿರಿ. ಮಲಗಿದ ಕಾಳಿನ ಅಗಲವಾದ ಮುಖ ಕಾಣುತ್ತದೆ, ನಿಂತದ್ದರ ಅಂಚಷ್ಟೇ ಕಾಣುತ್ತದೆ. ಎರಡನ್ನೂ ಎಣಿಸಿ, ಸಿಮ್ಯುಲೇಶನ್‌ನಲ್ಲೂ ಮೇಲ್ಪದರದ ಕಾಳುಗಳನ್ನು ಮಾತ್ರ ಆರಿಸಿ ಹೋಲಿಸಿ. ಇಡೀ ರಾಶಿಯ ಸರಾಸರಿಯನ್ನು ಮೇಲ್ಪದರದ ಫೋಟೋಕ್ಕೆ ಹೋಲಿಸಿದರೆ ಎರಡೂ ಕೂಡಿ ಬರುವುದಿಲ್ಲ. ಮೇಲಿನ ಕಾಳುಗಳ ಮೇಲೆ ಭಾರವಿಲ್ಲ, ಮಲಗಲು ಅವಕ್ಕೆ ಜಾಗವೂ ಹೆಚ್ಚು.